ಒಂದು ಹಿಡಿ ಹುತ್ತದ ಮಣ್ಣು

ಬೆಳಿಗ್ಗೆ ಆರೂಕಾಲಕ್ಕೆ ದಾಕ್ಷಾಯಣಿ ತಾರಸಿಯಿಂದ ಕೆಳಗೆ ನೋಡಿದಾಗ ಪಕ್ಕದ ಸೈಟಿನಲ್ಲಿ ಹುತ್ತ ಇರಲಿಲ್ಲ.

ಹಿಂದಿನ ಸಂಜೆ ಇತ್ತು. ಸೈಟಿನ ಮೂಲೆಯಲ್ಲಿ, ಬೇವಿನ ಮರದ ಬುಡಕ್ಕೆ ಒರಗಿ, ಸೊಂಟದೆತ್ತರಕ್ಕೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು. ಈಗ ಅಲ್ಲಿ ಹಸಿ ಮಣ್ಣಿನ ಒಂದು ಗುರುತು ಮಾತ್ರ. ಅಲ್ಲಿಂದ ಗೇಟಿನ ತನಕ ದಪ್ಪ ಟೈರಿನ ಎರಡು ಸಾಲು. ಹುತ್ತದ ಮುಂದಿದ್ದ ನಾಗರಕಲ್ಲನ್ನು ಯಾರೋ ಜೋಪಾನವಾಗಿ ಎತ್ತಿ ಕಾಂಪೌಂಡಿಗೆ ಒರಗಿಸಿದ್ದರು. ಇಡೀ ರಾತ್ರಿ ಏರ್‌ಪೋರ್ಟ್ ರೋಡಿನ ಗಾಡಿಗಳ ಸದ್ದು ಕೇಳಿಯೇ ಮಲಗುವ ಕೊಡಿಗೇಹಳ್ಳಿಯಲ್ಲಿ ಇನ್ನೊಂದು ಗಾಡಿಯ ಸದ್ದನ್ನು ಯಾರೂ ಪ್ರತ್ಯೇಕವಾಗಿ ಕೇಳಿಸಿಕೊಳ್ಳುವುದಿಲ್ಲ.

ಅವಳು ಬಂದಿದ್ದು ಜೀವಾಮೃತ ತಿರುವಲು. ನೆರಳಿನ ಮೂಲೆಯಲ್ಲಿ ಇಪ್ಪತ್ತು ಲೀಟರಿನ ನೀಲಿ ಡ್ರಮ್ಮು, ಅದರ ಬಾಯಿಗೆ ಗೋಣಿಬಟ್ಟೆ. ಒಳಗೆ ಸಗಣಿ, ಗಂಜಲ, ಕರಿ ಬೆಲ್ಲ, ಕಡಲೆಹಿಟ್ಟು, ನೀರು, ಮೊದಲ ಸಲ ಮಾತ್ರ ಒಂದು ಹಿಡಿ ಮಣ್ಣು. ಎರಡು ದಿನ ನೆರಳಿನಲ್ಲಿಟ್ಟು ಬೆಳಿಗ್ಗೆ ಸಂಜೆ ತಿರುವಿದರೆ ಹುಳಿ ವಾಸನೆ ಬಂದು ನೊರೆ ಏಳುತ್ತದೆ. ಹತ್ತು ಪಾಲು ನೀರು ಬೆರೆಸಿ ಗಿಡದ ಬುಡಕ್ಕೆ ಹಾಕಬಹುದು. ಅವಳು ತಾರಸಿಯ ಮೇಲೆ ಬೆಳೆಸಿದ್ದ ಬದನೆ, ಹೀರೆ, ಮೆಂತ್ಯಕ್ಕೆಲ್ಲ ಇದೇ ಊಟ.

ಕೋಲು ಕೈಯಲ್ಲಿರುವಾಗಲೇ ಕೆಳಗಿನಿಂದ ಉಮೇಶನ ಧ್ವನಿ ಬಂತು. "ಮೇಡಂ, ಸ್ವಲ್ಪ ಕೆಳಗ್ ಬನ್ನಿ."

ಉಮೇಶ್ ಮನೆ ಮಾಲೀಕರ ಮಗ. ಮಾಲೀಕರೆಂದರೆ ಅವನ ತಾಯಿ ಮುನಿಕೆಂಪಮ್ಮ. ಕೆಳಗಿನ ಮನೆ, ದಾಕ್ಷಾಯಣಿ ಬಾಡಿಗೆಗಿದ್ದ ಮೇಲಿನ ಮನೆ, ಪಕ್ಕದ ಖಾಲಿ ಸೈಟು, ಎಲ್ಲವೂ ಆ ಮುದುಕಿಯ ಹೆಸರಿನಲ್ಲಿದ್ದವು. ಒಂದು ಕಾಲಕ್ಕೆ ಅವರ ರಾಗಿ ಹೊಲವಾಗಿದ್ದ ಜಾಗದಲ್ಲಿ ಉಳಿದದ್ದು ಇಷ್ಟೇ, ಜೊತೆಗೆ ಶೀಟಿನ ಕೊಟ್ಟಿಗೆಯಲ್ಲಿ ಒಂದು ಹಸು.

ಕೆಳಗೆ ಬೀದಿಯ ಐದಾರು ಜನ ಸೇರಿದ್ದರು. ಮುನಿಕೆಂಪಮ್ಮ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ನೆಲ ನೋಡುತ್ತಿದ್ದಳು.

"ಏನ್ ಮೇಡಂ ಇದು? ನಿಮ್ ಗೊಬ್ಬರಕ್ಕೆ ನಮ್ ದೇವ್ರೇ ಬೇಕಾಗಿತ್ತಾ?" ಎಂದ ಉಮೇಶ್.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ನಾನ್ಯಾಕ ಹುತ್ತ ಅಗೀಲಿ?"

"ವಿಡಿಯೋದಲ್ಲಿ ನೀವೇ ಹೇಳಿದ್ದೀರಲ್ಲ, ಹುತ್ತದ ಮಣ್ಣಿದ್ರೆ ಇನ್ನೂ ಒಳ್ಳೇದು ಅಂತ. ಇಡೀ ಬೀದಿ ನೋಡಿದೆ."

ಅದು ನಿಜ. ಎದುರು ಮನೆಯ ರಾಧಾಮಣಿ ಮೊಬೈಲಿನಲ್ಲಿ ತೆಗೆದು ಬೀದಿಯ ಗ್ರೂಪಿಗೆ ಹಾಕಿದ್ದ ವಿಡಿಯೋ ಅದು. ಹಾಗೆಂದವಳು ಇವಳೇ.

"ಒಂದು ಹಿಡಿ ಅಂದೇನಿ. ಒಂದು ಹಿಡಿ! ನನ್ನ ಡ್ರಮ್ ಇಪ್ಪತ್ತು ಲೀಟರಿಂದು. ಇಲ್ಲಿಂದ ಹೋದ ಮಣ್ಣಿಗೆ ಒಂದು ಟ್ರೇಲರ್ ಬೇಕು. ಟೈರಿನ ಗುರುತು ಕಾಣಸವಲ್ವ ನಿಮಗ?"

"ಅದೆಲ್ಲ ನಂಗೊತ್ತಿಲ್ಲ ಮೇಡಂ. ದಿನಾ ಇಷ್ಟಿಷ್ಟು ತೋಡಿದ್ರೆ ಬೀಳದೆ ಇನ್ನೇನಾಗುತ್ತೆ. ನಿಮ್ ಕಡೆ ಇದಕ್ಕೆಲ್ಲ ಬೆಲೆ ಇದೆಯೋ ಇಲ್ವೋ."

"ಪಂಚಮಿಗೆ ನಾವೂ ಹಾಲು ಎರಿಯೂ ಮಂದೀನ. ಹುತ್ತದ ಮಣ್ಣಾಗ ನಾಗಪ್ಪನ್ನ ಮಾಡಿ ಪೂಜಿ ಮಾಡ್ತೀವಿ. ನಮಗ ಕಲಿಸಾಕ ಬರಬ್ಯಾಡ್ರಿ."

ಹೇಳುತ್ತ ಅವಳು ಮುನಿಕೆಂಪಮ್ಮನ ಕಡೆ ತಿರುಗಿದಳು. ಮುದುಕಿ ತಲೆ ಎತ್ತಲಿಲ್ಲ. ಹಸುವಿನ ಮುಂದೆ ಬಿದ್ದಿದ್ದ ಹುಲ್ಲನ್ನು ಕಾಲಿನಿಂದ ಒಟ್ಟು ಮಾಡುತ್ತ ಕೂತಿದ್ದಳು.

ದಾಕ್ಷಾಯಣಿಗೆ ಸಿಟ್ಟು ಏರಿದ್ದು ಆಗ. ಯಾಕೆಂದರೆ ಆ ಒಂದು ಹಿಡಿಯನ್ನು ಕೊಟ್ಟವಳು ಮುನಿಕೆಂಪಮ್ಮನೇ.

ಗೌರಿ ಹಬ್ಬಕ್ಕೆ ಮುಂಚಿನ ಮಾತು. ಜೀವಾಮೃತಕ್ಕೆ ರಾಸಾಯನಿಕ ಬೀಳದ ಹೊಲದ ಬದುವಿನ ಮಣ್ಣು ಬೇಕು ಅಂತ ಕೇಳಿದ್ದಕ್ಕೆ ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಿದ್ದಳು. "ಬದಾ? ಬದ್ವೆಲ್ಲಾ ರೋಡಾಗೋಯ್ತು ಕಣವ್ವ. ಅದ್ಸರಿ, ಬೋಂಡ ಮಾಡೋ ಇಟ್ನ ಸಗಣಿಗ್ ಕಲಸ್ತೀಯಲ್ಲ, ನಿನ್ ಗಂಡ ಏನ್ ತಿಂತಾನೆ?" ಆಮೇಲೆ ತಾನೇ ಹುತ್ತದ ಹತ್ತಿರ ಹೋಗಿ, ಕೈಮುಗಿದು, ಬುಡದಲ್ಲಿ ಉದುರಿ ಬಿದ್ದಿದ್ದ ಮಣ್ಣನ್ನು ಒಂದು ಹಿಡಿ ಬಾಚಿ ದಾಕ್ಷಾಯಣಿಯ ಸೆರಗಿಗೆ ಹಾಕಿದ್ದಳು. "ತಗೊ. ಇದ್ಕಿಂತ ಒಳ್ಳೆ ಮಣ್ಣು ಈ ಊರಲ್ಲಿಲ್ಲ." ಅದಾದ ಮೇಲೆ ಬೇರೆ ಮಣ್ಣು ಬೇಕಾಗಿರಲಿಲ್ಲ. ಹಳೆಯ ಜೀವಾಮೃತದ ಒಂದು ಚೊಂಬನ್ನೇ ಹೊಸದಕ್ಕೆ ಹೆಪ್ಪಿನಂತೆ ಹಾಕುತ್ತಿದ್ದಳು.

"ಅಜ್ಜಿ, ಹೇಳ್ರಿ ಇವರಿಗೆ," ಎಂದಳು.

ಮುನಿಕೆಂಪಮ್ಮ ಎದ್ದು ಕೊಟ್ಟಿಗೆಯೊಳಗೆ ಹೋದಳು.

ದಾಕ್ಷಾಯಣಿ ಪೀಣ್ಯದ ಪಂಪ್ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಅಳತೆ ತಪ್ಪಿದ ಬಿಡಿಭಾಗಕ್ಕೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವುದು ಅವಳ ಕೆಲಸ. ಆ ದಿನ ಸಿಟ್ಟು ಕೈಗೆ ಇಳಿಯಬಾರದೆಂದು ಪ್ರತಿಯೊಂದನ್ನೂ ಎರಡೆರಡು ಸಲ ಅಳೆದಳು. ಸಂಜೆ ಬಸ್ಸು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಾಗ ಗಂಡ ಶಿವಪ್ರಕಾಶನ ಫೋನ್ ಬಂತು. ಯಲಹಂಕದ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ಅವನು ಅವಳಿಗಿಂತ ಮೊದಲು ಮನೆ ಸೇರುತ್ತಿದ್ದ.

"ಎಲ್ಲಾ ಮುಗೀತು ನೋಡು. ನಾ ಮಾತಾಡೇನಿ," ಎಂದ.

"ಏನ್ ಮಾತಾಡಿದ್ರಿ?"

"ಉಮೇಶವರ ಮನೀಗೆ ಹೋಗಿದ್ದೆ. ಅಜ್ಜಿ ಕಾಲಿಗೆ ನಮಸ್ಕಾರ ಮಾಡಿ, ತಪ್ಪಾತ್ರಿ, ಹೊಟ್ಟಿಗೆ ಹಾಕ್ಕೋರಿ ಅಂದೆ. ಉಮೇಶವರು ಭಾಳ ಸಮಾಧಾನದಿಂದ ಚಾ ಕುಡಿಸಿ ಕಳಿಸಿದ್ರು."

ದಾಕ್ಷಾಯಣಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಯಾರ ತಪ್ಪು?"

"ಹಂಗಲ್ಲ. ಮಾತಿಗೆ ಅಂದದ್ದು."

"ಯಾರ ತಪ್ಪು ಅಂತ ಅಂದ್ರಿ?"

"ನಮ್ಮ ಕಡಿಯಿಂದ ತಪ್ಪಾತು ಅಂದೆ. ಬಾಡಿಗಿ ಮನ್ಯಾಗ ಇದ್ದೀವಿ ದಾಕ್ಷಾ. ಒಂದು ಮಾತಿನ್ಯಾಗ ಮುಗಿಯೂದನ್ನ ಯಾಕ ಬೆಳಸೂದು?"

"ನನ್ನ ಹೆಸರ್ಲೆ ತಪ್ಪು ಒಪ್ಪಿಕೊಂಡು ಚಾ ಕುಡದು ಬಂದ್ರಿ? ಸಕ್ರಿ ಸರಿಯಾಗಿತ್ತಿಲ್ಲೋ?"

ಅವಳ ಧ್ವನಿಗೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ಫೋನ್ ಕಟ್ ಮಾಡಿದಳು. ಶಿವಪ್ರಕಾಶ ಕೆಟ್ಟವನಲ್ಲ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೂ ತಾನೇ ಮೊದಲು ತಪ್ಪಾತ್ರಿ ಅನ್ನುವ ಮನುಷ್ಯ. ಅವರ ಊರಿನಲ್ಲಿ ಆ ಮಾತಿಗೆ 'ಜಗಳ ಸಾಕು' ಎಂದಷ್ಟೇ ಅರ್ಥ. ಈ ಬೀದಿಯಲ್ಲಿ ಅದು ತಪ್ಪೊಪ್ಪಿಗೆಯಾಗಿ ಅವಳಿಗಿಂತ ಮೊದಲೇ ಮನೆಮನೆ ತಲುಪಿತ್ತು.

ಮನೆಗೆ ಬಂದಾಗ ಮೆಟ್ಟಿಲ ಮೇಲೆ ಬಾಟಲಿಗಳು ಸಾಲಾಗಿ ನಿಂತಿದ್ದವು. ಅವಳೇ ಬೀದಿಯ ಹೆಂಗಸರಿಗೆ ತುಂಬಿ ಕೊಟ್ಟಿದ್ದ ಜೀವಾಮೃತ. ದೋಷದ ನೀರು ಮನೆಯಲ್ಲಿ ಬೇಡವೆಂದು ಎಲ್ಲರೂ ವಾಪಸ್ ತಂದಿಟ್ಟಿದ್ದರು. ರಾಧಾಮಣಿ ಕೊನೆಯ ಬಾಟಲಿ ಇಡುತ್ತಿರುವಾಗಲೇ ಸಿಕ್ಕಿಬಿದ್ದಳು.

"ಬೇಜಾರ್ ಮಾಡ್ಕೋಬೇಡಿ ಕಣ್ರೀ. ನಮ್ ಅತ್ತೆ ಒಂಥರಾ..."

"ನಿಮ್ಮ ಅತ್ತಿ ಹೋದ ವಾರ ಇದನ್ನ ಹಾಕಿದ ಮ್ಯಾಲ ಕರಿಬೇವು ಚಿಗತೈತಿ ಅಂತ ನನ್ನ ಮುಂದ ಹೇಳಿದ್ರು."

"ಅದು ಆವಾಗ."

"ಮತ್ತ ಈ ಬಾಟಲಿ ಮುಚ್ಚಳ ಯಾಕ ಇಷ್ಟು ಬಿಗಿ ಮಾಡೀರಿ? ಸಡಿಲ ಇಡ್ರಿ, ಗ್ಯಾಸ್ ಕಟ್ತದ ಅಂತ ನೂರು ಸಲ ಹೇಳೀನಿ."

ಬಾಟಲಿ ಕಾಲ್ಚೆಂಡಿನಂತೆ ಊದಿಕೊಂಡಿತ್ತು. ದಾಕ್ಷಾಯಣಿ ಅಲ್ಲೇ ಮುಚ್ಚಳ ತಿರುವಿದಳು. ಬುಸ್ಸೆಂದು ಎದ್ದ ನೊರೆ ರಾಧಾಮಣಿಯ ಸೀರೆಯ ನೆರಿಗೆಗೆ ಹಾರಿತು. ಅವಳು 'ಅಯ್ಯಯ್ಯೋ' ಎನ್ನುತ್ತ ಬೀದಿ ದಾಟಿ ಓಡಿದಳು. ಬಾಟಲಿ ವಾಪಸ್ ಕೊಡದವಳು ಮೂಲೆಮನೆಯ ತಸ್ನೀಮ್ ಒಬ್ಬಳೇ. "ನಮ್ ಗುಲಾಬಿ ಇವಾಗ ಮೊಗ್ಗು ಬಿಡ್ತಿದೆ. ನಾನ್ಯಾಕ್ ವಾಪಸ್ ಕೊಡ್ಲಿ ದೀದಿ?" ಎಂದಳು.

ಶನಿವಾರ ಉಮೇಶನ ಹೆಂಡತಿ ಚೈತ್ರ ತಟ್ಟೆಯಲ್ಲಿ ಕುಂಕುಮ ಹಿಡಿದು ಮೇಲೆ ಬಂದಳು. ಮುಖದ ತುಂಬ ನಗು.

"ನಾಳೆ ಒಂಬತ್ತು ಗಂಟೆಗೆ ಸೈಟಲ್ಲಿ ಶಾಂತಿ ಇಟ್ಕೊಂಡಿದ್ದೀವಿ ಅಕ್ಕ. ನೀವಿಬ್ರೂ ಸ್ನಾನ ಮಾಡ್ಕೊಂಡು ಬಂದು ಸುಮ್ನೆ ಕೂತ್ಕೊಂಡ್ರೆ ಸಾಕು. ಖರ್ಚೆಲ್ಲಾ ನಮ್ದೇ."

"ನಾವ್ಯಾಕ ಕೂಡಬೇಕು?"

"ಅಣ್ಣ ಒಪ್ಕೊಂಡಿದ್ದಾರಲ್ಲ. ಭಿನ್ನ ಮಾಡಿದವ್ರ ಹೆಸರಲ್ಲೇ ಆಗ್ಬೇಕಂತೆ. ಮನೆಯವ್ರೇ ಮಾಡಿದ್ರೆ ವಂಶಕ್ಕೆ ದೋಷ, ಹೊರಗಿನವ್ರಾದ್ರೆ ನಮಗೇನೂ ಇಲ್ಲ. ಶಾಂತಿ ಮುಗಿಸಿ ಕಲ್ಲನ್ನ ದೇವಸ್ಥಾನಕ್ಕೆ ಸೇರಿಸ್ಬಿಟ್ರೆ ಸೈಟು ಕ್ಲಿಯರ್." ಚೈತ್ರ ದನಿ ತಗ್ಗಿಸಿದಳು. "ಹುತ್ತ ಇರೋವರೆಗೂ ಸೈನ್ ಹಾಕಲ್ಲ ಅಂತ ನಮ್ಮತ್ತೆ ಎರಡು ವರ್ಷದಿಂದ ಬಿಲ್ಡರನ್ನ ಓಡಾಡಿಸ್ತಿದ್ರು. ಈಗ ಅವ್ರೂ ಏನೂ ಹೇಳೋಹಾಗಿಲ್ಲ. ನಾಲ್ಕು ಫ್ಲೋರ್ ಬರುತ್ತೆ ಅಕ್ಕ, ಲಿಫ್ಟ್ ಇರುತ್ತೆ. ನಿಮಗೇ ಮೊದಲನೇ ಮನೆ ಕೊಡೋಣ ಅಂತಿದ್ರು ಇವ್ರು."

ಅವಳು ಇದನ್ನೆಲ್ಲ ಉಪಕಾರದಂತೆ ಹೇಳಿದಳು. ಬಾಗಿಲ ಹಿಂದೆ ನಿಂತಿದ್ದ ಶಿವಪ್ರಕಾಶನಿಗೂ ಕೇಳಿಸಿತು. ಅವಳು ಇಳಿದು ಹೋದ ಮೇಲೆ ಅವನು, "ಸುಮ್ಮಕ ಕೂತು ಎದ್ದು ಬರೂದು, ಏನ್ ಕಳಕೋತೀವಿ?" ಎಂದ.

"ಕೇಳಿದ್ರಿಲ್ಲೋ ಆಕಿ ಹೇಳಿದ್ದು? ಅಗದವ ಅವ. ಅವನ ಮನಿತನಕ್ಕ ದೋಷ ಬರಬಾರ್ದಂತ ನನ್ನ ತೆಲಿಗೆ ಕಟ್ಟಾಕತ್ತಾನ. ನೀವು ಹಗ್ಗಾ ಹಿಡದು ನಿಂತೀರಿ."

"ಈ ಮನಿ ಬಿಟ್ರ ಇಷ್ಟು ದೊಡ್ಡ ತಾರಸಿ ಎಲ್ಲಿ ಸಿಗ್ತದ? ನಿನ್ನ ಗಿಡದ ಸಲುವಾಗೇ ಹೇಳಾಕತ್ತೀನಿ ನಾ."

ಹೀರೆ ಚಪ್ಪರ ಆಗತಾನೆ ಹೂ ಬಿಟ್ಟಿತ್ತು. ಊರಿನಿಂದ ಬೀಜ ತಂದು ಬೆಳೆಸಿದ ಮುಳ್ಳುಗಾಯಿ ಬದನೆ ಮೊದಲ ಕಾಯಿ ಹಿಡಿದಿತ್ತು. ಕುಂಡಗಳನ್ನು ಸಾಗಿಸಬಹುದು, ಚಪ್ಪರವನ್ನು ಸಾಗಿಸಲು ಬರುವುದಿಲ್ಲ. ಇದೆಲ್ಲ ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಸಿಟ್ಟು ಇನ್ನಷ್ಟು ಏರಿತು. ಆ ಸಂಜೆ ಅವಳು ಡ್ರಮ್ಮನ್ನು ತಿರುವಿದ ರಭಸಕ್ಕೆ ನೊರೆ ಅಂಚು ದಾಟಿ ನೆಲಕ್ಕೆ ಚೆಲ್ಲಿತು.

ಭಾನುವಾರ ಸೈಟಿನಲ್ಲಿ ಶಾಮಿಯಾನ ಹಾಕಿದ್ದರು. ಹುತ್ತವಿದ್ದ ಜಾಗದಲ್ಲಿ ರಂಗೋಲಿ, ಕಳಶ, ಬಾಳೆಎಲೆ. ಬೀದಿಯವರೆಲ್ಲ ಕುರ್ಚಿಗಳಲ್ಲಿ ಕೂತಿದ್ದರು. ಮುನಿಕೆಂಪಮ್ಮ ಒಂದು ಪಕ್ಕಕ್ಕೆ ಬೇವಿನ ಮರಕ್ಕೆ ಒರಗಿದ್ದಳು. ಶಿವಪ್ರಕಾಶ ಪಂಚೆ ಉಟ್ಟು ಶಲ್ಯ ಹೊದ್ದು ಆಗಲೇ ಮಣೆಯ ಮೇಲೆ ಕೂತಿದ್ದ. ದಾಕ್ಷಾಯಣಿ ತಾರಸಿಯಿಂದ ನೇರವಾಗಿ ಇಳಿದು ಬಂದಳು. ಮನೆಯ ಸೀರೆ. ಕೈಯಿಂದ ಹುಳಿ ಸಗಣಿಯ ವಾಸನೆ. ಚೈತ್ರ ಮೂಗಿಗೆ ಸೆರಗು ಹಿಡಿದಳು.

"ಹುತ್ತ ಭಿನ್ನ ಮಾಡಿದವರ ಹೆಸರಲ್ಲಿ ಸಂಕಲ್ಪ. ಅಮ್ಮಾ, ಯಜಮಾನರ ಬಲಗಡೆ ಕೂತ್ಕೊಳ್ಳಿ. ಹೆಸರು, ನಕ್ಷತ್ರ ಹೇಳಿ," ಎಂದರು ಪುರೋಹಿತರು.

"ಹೆಸರು ಹೇಳೂದಿಲ್ರಿ. ನಾ ಭಿನ್ನ ಮಾಡಿಲ್ಲ."

ಪುರೋಹಿತರು ಉಮೇಶನನ್ನು ನೋಡಿದರು. ಉಮೇಶ್ ನಗಲು ಪ್ರಯತ್ನಿಸಿದ. "ಮೇಡಂ, ನಿಮ್ ಯಜಮಾನ್ರೇ ಒಪ್ಕೊಂಡಿದ್ದಾರೆ. ಎಲ್ರ ಎದುರಿಗೆ ಯಾಕ್ ಹಿಂಗ್ ಆಡ್ತೀರಾ?"

"ಅವರು ಒಪ್ಪಿಕೊಂಡಾರ. ನೀವು ಕೇಳಿದ್ರ ಗೊರಗುಂಟೆಪಾಳ್ಯದ ಟ್ರಾಫಿಕ್ಕಿಗೂ ತಾವ ಕಾರಣ ಅಂತ ಒಪ್ಪಿಕೋತಾರ."

ಕುರ್ಚಿಗಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ದಾಕ್ಷಾ, ಮಂದಿ ನೋಡಾಕತ್ತಾರ," ಎಂದ ಶಿವಪ್ರಕಾಶ ಮಣೆಯಿಂದಲೇ.

"ನೋಡ್ಲಿ. ಅದಕ್ಕ ಕುರ್ಚಿ ಹಾಕ್ಯಾರ." ಅವಳು ಬೇವಿನ ಮರದ ಕಡೆ ಹೋದಳು. "ಅಜ್ಜಿ, ಗೌರಿ ಹಬ್ಬಕ್ಕಿಂತ ಮೊದಲ ನನ್ನ ಸೆರಗಿನ್ಯಾಗ ಮಣ್ಣು ಹಾಕಿದವರು ಯಾರು?"

"ಅಮ್ಮನ್ನ ಯಾಕ್ ಎಳೀತೀರಾ? ಬಿಪಿ ಇದೆ ಅವ್ರಿಗೆ," ಎಂದು ಉಮೇಶ್ ಮುಂದೆ ಬಂದ.

"ನಾ ಅವರನ್ನ ಕೇಳಾಕತ್ತೀನಿ. ನೀವು ಹಿಂದ ಸರೀರಿ."

ಅವಳು ಅಷ್ಟು ಜೋರಾಗಿ ಹೇಳಿದ್ದು ಆ ಬೀದಿಯಲ್ಲಿ ಅದೇ ಮೊದಲು. ಉಮೇಶ್ ನಿಂತ. ಮುನಿಕೆಂಪಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಪಕ್ಕಕ್ಕೆ ಉಗುಳಿ, ತುಟಿ ಒರೆಸಿಕೊಂಡಳು.

"ನಾನೇ ಆಕ್ದೆ," ಎಂದಳು. "ಒಂದ್ ಇಡಿ. ಉದ್ರಿ ಬಿದ್ದಿದ್ ಮಣ್ಣು."

"ಅಮ್ಮ, ಒಂದ್ ಹಿಡಿ ಕೊಟ್ಟಿದ್ದು ಬೇರೆ—"

"ಮಿಕ್ಕಿದ್ದೆಲ್ಲಾ ಎಲ್ಲೋಯ್ತು ಅಂತ ನೀನೇ ಯೋಳ್ಲಾ ಉಮೇಸ. ಟ್ಯಾಕ್ಟರ್ ಬಂದಾಗ ಅಸ ಎದ್ ನಿಂತ್ಕಂಡ್ತು. ಏನ್ ಕಂಡ್ತೋ ಅಂತ ನಾನೂ ಎದ್ದೆ. ಕಿಟ್ಕೀಲಿ ನೋಡ್ದೆ. ಕಲ್ನ ಎತ್ತಿ ಮಡಗ್ದೋನು ನೀನೇ. ಅಷ್ಟಾದ್ರೂ ಭಯ ಐತಲ್ಲ ಅಂದ್ಕಂಡೆ."

ರಾಧಾಮಣಿ ತನ್ನ ಮೊಬೈಲನ್ನು ಮೆಲ್ಲಗೆ ತೊಡೆಯ ಮೇಲೆ ಬೋರಲು ಹಾಕಿದಳು.

ದಾಕ್ಷಾಯಣಿಗೆ ಈಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ನೋಡಿದ್ರಿ? ಕಣ್ಣಾರೆ ನೋಡಿ ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕುಂತ್ರಿ? ಇವರು ಬಂದು ನಿಮ್ಮ ಕಾಲಿಗೆ ಬಿದ್ದಾಗರೆ ಹೇಳಬೇಕಿತ್ತಲ್ರಿ. ನನ್ನ ಮನಿ ಮುಂದ ಬಾಟಲಿ ತಂದಿಟ್ಟು ಹೋದ್ರು. ಮ್ಯಾಲಿನ ಮನ್ಯಾಕಿ ದೇವರನ್ನ ಅಗದು ಬದನಿಗೆ ಹಾಕಿದ್ಲು ಅಂತ ಹಾಲು ಹಾಕೂ ಹುಡುಗಿ ಸುದ್ದಾ ಕೇಳಿದ್ಲು."

"ಮಗ ಕಣವ್ವ," ಎಂದಳು ಮುನಿಕೆಂಪಮ್ಮ.

"ಹೌದ್ರಿ, ನಿಮ್ಮ ಮಗ. ನಾ ಯಾರ ಮಗಳೂ ಅಲ್ಲೇನು?"

ಪುರೋಹಿತರು ಗಂಟಲು ಸರಿಮಾಡಿಕೊಂಡು, "ಹಾಗಿದ್ರೆ ಸಂಕಲ್ಪ ಉಮೇಶ್ ಅವರ ಹೆಸರಲ್ಲೇ ಆಗ್ಬೇಕು. ದಂಪತಿ ಇಬ್ಬರೂ ಬಂದು ಕೂತ್ಕೊಳ್ಳಲಿ. ಮುಹೂರ್ತ ಇನ್ನೂ ಇದೆ," ಎಂದರು.

"ಕೂತ್ಕ ಬಾರೋ," ಎಂದಳು ತಾಯಿ. "ನಾನ್ ಮಾಡ್ದೆ ಅಂತ ಯೋಳಿ ಕೂತ್ಕ."

ಉಮೇಶನ ಮುಖ ಕೆಂಪಾಗಿತ್ತು. ಕೂತರೆ ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ದೋಷ ತನ್ನ ವಂಶಕ್ಕೆ, ತಾಯಿಯ ಸಹಿಯೂ ಇಲ್ಲ. ಅವನು ಒಮ್ಮೆ ಕಳಶವನ್ನು, ಒಮ್ಮೆ ಕುರ್ಚಿಗಳ ಸಾಲನ್ನು ನೋಡಿದ. "ಏನೂ ಬೇಡ. ಎಲ್ಲಾ ಎತ್ತಿ," ಎಂದು ಶಾಮಿಯಾನದವನಿಗೆ ಕೂಗಿ ಗೇಟು ದಾಟಿ ಹೋದ. ಅವನ ಹಿಂದೆ ಚೈತ್ರ ಹೋದಳು. ಶಿವಪ್ರಕಾಶ ಇನ್ನೂ ಮಣೆಯ ಮೇಲೇ ಇದ್ದ. ಪುರೋಹಿತರು, "ನೀವೂ ಏಳಬಹುದು," ಎಂದ ಮೇಲೆ ಎದ್ದ.

ಮೆಟ್ಟಿಲು ಹತ್ತುವಾಗ ಅವನು ಅವಳ ಹಿಂದಿನಿಂದ, "ದಾಕ್ಷಾ, ತಪ್ಪಾತು," ಎಂದ.

"ಯಾರದು?"

"ನಂದು."

"ಇದೊಂದು ಸಲ ಖರೇ ಹೇಳಿದ್ರಿ," ಎಂದು ಅವಳು ಹತ್ತಿಹೋದಳು. ಸಿಟ್ಟು ಇಳಿದಿರಲಿಲ್ಲ.

ಮರುದಿನ ಉಮೇಶ್ ಮನೆ ಖಾಲಿ ಮಾಡಲು ಹೇಳಿದ. ಮುನಿಕೆಂಪಮ್ಮ ಬೇಡವೆನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ದಾಕ್ಷಾಯಣಿಯೂ ಅವಳನ್ನು ಕೇಳಲು ಹೋಗಲಿಲ್ಲ. ತಿಂಗಳ ಕೊನೆಗೆ ಅವರು ಬಾಗಲಗುಂಟೆಯ ಒಂದು ಮನೆಗೆ ಹೋದರು. ಅಲ್ಲಿ ತಾರಸಿಯ ಅರ್ಧ ಭಾಗ ಮಾತ್ರ ಅವರ ಬಳಕೆಗೆ. ಕೊಡಿಗೇಹಳ್ಳಿಯಲ್ಲಿ ಮುನಿಕೆಂಪಮ್ಮ ಬಿಲ್ಡರಿಗೆ ಸಹಿ ಹಾಕಿಕೊಡಲಿಲ್ಲ. ಉಮೇಶ್ ಸೈಟಿಗೆ ಜಲ್ಲಿ ಹರಡಿಸಿದ. ಈಗ ಅಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳು ನಿಲ್ಲುತ್ತವೆ.